ಹುಣಸೆಹುಳಿ ಹಚ್ಚಿ ತಿಕ್ಕಿದ ಉಲ್ಕೆ

ಆಕಾಶದಿಂದ ಬಿದ್ದ ಕಲ್ಲೊಂದು ನಾಳೆ ನಿಮ್ಮ ಕೈಗೆ ಸಿಕ್ಕರೆ ನೀವು ಮೊಟ್ಟಮೊದಲು ಮಾಡುವ ಕೆಲಸ ಯಾವುದು?

ಉತ್ತರಿಸಲು ಅವಸರ ಬೇಡ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿನ ಓದಿದ ಮಂದಿಗೆ ನಾನು ಈ ಪ್ರಶ್ನೆ ಹಾಕಿ ನೋಡಿದ್ದೇನೆ. ಫೋಟೊ ತೆಗೆಯುತ್ತೇವೆ ಎಂದವರುಂಟು. ಪೂಜೆ ಮಾಡುತ್ತೇವೆ ಎಂದು ಒಪ್ಪಿಕೊಳ್ಳುವಷ್ಟು ಪ್ರಾಮಾಣಿಕರೂ ಉಂಟು. ಆದರೆ ಈ ಎರಡೂ ಬಣದವರು ಅದಕ್ಕೂ ಮುಂಚೆ ಮಾಡುವ ಒಂದು ಕೆಲಸವಿದೆ. ಅದು ಅವರಿಗೆ ಕೆಲಸವೆಂದೇ ತೋರದ ಕಾರಣ ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಅವರು ಕಲ್ಲನ್ನು ತೊಳೆಯುತ್ತಾರೆ. ಭೂಮಿಯಷ್ಟೇ ವಯಸ್ಸಾದ ವಸ್ತುವೊಂದು ತಮ್ಮ ಮನೆಯ ಹೊಸ್ತಿಲು ದಾಟಬೇಕಾದರೆ ಮೊದಲು ಅದಕ್ಕೊಂದು ಸ್ನಾನವಾಗಬೇಕು ಎಂಬುದರಲ್ಲಿ ನಮ್ಮ ಭಾಗದ ಭಕ್ತರಿಗೂ ಬುದ್ಧಿವಂತರಿಗೂ ಕಿಂಚಿತ್ತೂ ಭಿನ್ನಾಭಿಪ್ರಾಯವಿಲ್ಲ.

ನಾನು ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯವಳು. ಕೊಟ್ಟ ವಿಷಯದ ಪರವಾಗಿ ಬೆಳಿಗ್ಗೆ ಮಾತನಾಡಿ, ಮಧ್ಯಾಹ್ನ ಅದೇ ವಿಷಯವನ್ನು ವಿರೋಧಿಸಿ, ಎರಡರಲ್ಲೂ ಗೆದ್ದು ಬರುತ್ತಿದ್ದ ಕಾಲವೊಂದಿತ್ತು. ಈಗ ಆಳಂದದಲ್ಲಿ ರಾಜ್ಯಶಾಸ್ತ್ರದ ಪಾಠ ಹೇಳುತ್ತೇನೆ. ಜನರು ಪ್ರಶ್ನೆ ಕೇಳುವುದನ್ನು ಕಲಿತರೆ ನಾಡು ಸುಧಾರಿಸುತ್ತದೆ ಎಂದು ಆಗಲೂ ನಂಬಿದ್ದೆ, ಈಗಲೂ ನಂಬಿದ್ದೇನೆ. ಅಫಜಲಪುರದ ಕೆಲವು ಪ್ರತಿಷ್ಠಿತರು ಕೂಡಿಕೊಂಡು ಉಲ್ಕಾಶಿಲೆಗಳನ್ನು ಸಂಗ್ರಹಿಸುವ ಮಂಡಳಿಯೊಂದನ್ನು ಕಟ್ಟಿದ್ದಾರೆ, ಅದರ ಪರವಾಗಿ ಮಾತನಾಡಲು ಒಬ್ಬರು ಬೇಕು ಎಂದಾಗ ನಾನು ಸಂತೋಷದಿಂದ ಒಪ್ಪಿದ್ದು ಈ ನಂಬಿಕೆಯಿಂದಲೇ. ವೇದಿಕೆಯ ಮೇಲೆ ನಿಂತು ವೈಜ್ಞಾನಿಕ ಮನೋಭಾವವೆಂದು ಕೂಗುವುದಕ್ಕಿಂತ ಒಂದು ಕಲ್ಲನ್ನು ಕೈಯಲ್ಲಿ ಹಿಡಿದು, ಇದು ಎಲ್ಲಿಂದ ಬಂತು, ಹಾಗೆಂದು ನಮಗೆ ಹೇಗೆ ಗೊತ್ತು ಎಂದು ಕೇಳುವುದು ಮೇಲು ಎಂಬುದು ನನ್ನ ಲೆಕ್ಕಾಚಾರವಾಗಿತ್ತು.

ಮಂಡಳಿಯ ಅಧ್ಯಕ್ಷರು ನಿವೃತ್ತ ಎಂಜಿನಿಯರರು. ಸೇತುವೆ, ಶಾಲೆಯ ಕಟ್ಟಡ, ನೀರಿನ ಟಾಕಿ ಎಂದು ಇಡೀ ಸೇವಾವಧಿಯನ್ನು ಸಿಮೆಂಟಿನೊಳಗೆ ಕಬ್ಬಿಣ ಹೂಳುವುದರಲ್ಲಿ ಕಳೆದವರು. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ. ಅವರ ಬಲಗೈ ಎನ್ನಬಹುದಾದವರು ಅದೇ ಊರಿನಲ್ಲಿ ದವಾಖಾನೆ ಇಟ್ಟಿರುವ ಡಾಕ್ಟರರು. ಉಳಿದವರು ಮಾತಿಗೆ ತಲೆಯಾಡಿಸುವ ಸದಸ್ಯರು.

ಭಾನುವಾರ ಬಂದರೆ ನಮ್ಮ ಯಾತ್ರೆ. ಕಾರಿನಲ್ಲಿ ಚಹಾದ ಥರ್ಮಾಸು, ಉಪ್ಪಿಟ್ಟಿನ ಡಬ್ಬಿ, ಮತ್ತು ಹಳೆಯ ಲೌಡ್‌ಸ್ಪೀಕರಿನಿಂದ ಬಿಚ್ಚಿ ಕೋಲಿನ ತುದಿಗೆ ಕಟ್ಟಿದ ಅಯಸ್ಕಾಂತ. ಈ ಕೋಲೇ ಮಂಡಳಿಯ ಸಮಸ್ತ ವಿಜ್ಞಾನ. ಕಲ್ಲಿಗೆ ಅಂಟಿದರೆ ಉಲ್ಕೆ, ಅಂಟದಿದ್ದರೆ ಕಲ್ಲು. ನಮ್ಮ ನೆಲದಡಿಯ ಕರಿಕಲ್ಲಿನಲ್ಲಿಯೇ ಅಷ್ಟಿಷ್ಟು ಕಬ್ಬಿಣದ ಅಂಶವಿದ್ದು, ಆಳಂದದ ಯಾವ ಹೊಲದ ಯಾವ ಕಲ್ಲೂ ಆ ಅಯಸ್ಕಾಂತಕ್ಕೆ ತುಸುವಾದರೂ ಒಲಿಯುತ್ತದೆ ಎಂದು ನಾನು ಓದಿ ತಿಳಿದು ಹೇಳಿದೆ. ಅಧ್ಯಕ್ಷರು ನನ್ನನ್ನು ಕನಿಕರದಿಂದ ನೋಡಿದರು. ಹಾಗಾದರೆ ನಮ್ಮ ತಾಲ್ಲೂಕುಗಳ ಮೇಲೆ ಉಲ್ಕೆಗಳ ಮಳೆಯೇ ಆಗಿರಬೇಕಲ್ಲವೇ ಎಂದರು.

ಕರಿಯ ನೆಲದಲ್ಲಿ ಕರಿಯ ಕಲ್ಲು ಹುಡುಕುವ ಬದಲು ಜೇವರ್ಗಿಯ ಕಡೆ, ನೆಲಕ್ಕೆ ಹಾಸುವ ಫರಸಿಕಲ್ಲಿನ ಬಿಳಿಚು ನೆಲ ಮೇಲೆದ್ದಿರುವಲ್ಲಿ ಹುಡುಕೋಣ, ಅಲ್ಲಿ ಹೊರಗಿನಿಂದ ಬಂದ ಕಲ್ಲು ತಾನಾಗಿ ಎದ್ದು ಕಾಣುತ್ತದೆ ಎಂದೂ ನಾನು ವಾದಿಸಿದೆ. ಒಂದು ಭಾನುವಾರ ಆ ಕಡೆಯ ಅಂದೋಲಾ ಊರಿನವರೆಗೆ ಹೋದೆವು. ಮಂಡಳಿ ಕಾರಿನಿಂದ ಇಳಿಯಲಿಲ್ಲ. ಗಾಜು ಇಳಿಸಿ, ಹತ್ತಿ ಬಿಡಿಸುತ್ತಿದ್ದ ಹೆಂಗಸರನ್ನು ಕರೆದು, ಭಾರದ ಕಲ್ಲು ಕಂಡರೆ ತಂದುಕೊಡಿರೆಂದು ಅಪ್ಪಣೆ ಮಾಡಿತು. ಅವರಲ್ಲಿ ಒಬ್ಬಾಕೆ ನಡು ನೆಟ್ಟಗೆ ಮಾಡಿಕೊಂಡು ಕಾರಿನೊಳಗೆ ಇಣುಕಿದಳು.

“ಭಾರದ ಕಲ್ಲಂದ್ರ ಎಷ್ಟು ಭಾರ್ರಿ ಸಾಹೇಬ್ರ? ನಿಮ್ಮಷ್ಟ್ಯಾ?”

ಆ ಹೆಂಗಸರ ನಗು ರಸ್ತೆಯ ತಿರುವಿನ ತನಕ ಕೇಳಿಸಿತು. ಅಂದಿಗೆ ಜೇವರ್ಗಿಯ ಸಂಶೋಧನೆ ಮುಗಿಯಿತು.

ಅಧ್ಯಕ್ಷರ ಮನೆಯ ಪಡಸಾಲೆಯಲ್ಲಿ ಗಾಜಿನ ಕಪಾಟು ಮಾತ್ರ ತುಂಬುತ್ತಲೇ ಹೋಯಿತು. ಅದರಲ್ಲಿ ಇದ್ದವು ಹೊಲದ ಒಡ್ಡಿನ ಮೇಲಿನ ಕರಿಕಲ್ಲು, ಕುಲುಮೆಯ ಹಿಂದೆ ಎಸೆದಿದ್ದ ಕಬ್ಬಿಣದ ಕಿಟ್ಟ, ಒಡೆದ ಬೀಸುಕಲ್ಲಿನ ಚೂರು. ಎಲ್ಲಕ್ಕೂ ಎಣ್ಣೆ ಸವರಿ ಮಿಂಚಿಸಲಾಗಿತ್ತು. ನೋಡಲು ಬಂದವರು ಕೈಮುಗಿಯಬೇಕೋ ಬೇಡವೋ ಎಂದು ತಿಳಿಯದೆ ಅರ್ಧ ಮುಗಿದು ಬಿಡುತ್ತಿದ್ದರು. ಅಂಥ ಕಪಾಟಿನ ಪರವಾಗಿ ಮಾತನಾಡಬೇಕಾದವಳು ನಾನು.

ನಿಜವಾದ ಕಲ್ಲು ಸಿಕ್ಕಿದ್ದು ಮಂಡಳಿಗಲ್ಲ, ಅಯಸ್ಕಾಂತಕ್ಕೂ ಅಲ್ಲ. ಎಳ್ಳಮಾವಾಸ್ಯೆಯ ದಿನ ನಾನು ಆಳಂದ ತಾಲ್ಲೂಕಿನ ಸರಸಂಬಾದಲ್ಲಿ ಸೋದರತ್ತೆಯ ಹೊಲಕ್ಕೆ ಹೋಗಿದ್ದೆ. ನಮ್ಮ ಕಡೆ ಆ ದಿನ ಊರಿಗೆ ಊರೇ ಹೊಲದಲ್ಲಿರುತ್ತದೆ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲುಗಳನ್ನು ಸಾಲಾಗಿ ನಿಲ್ಲಿಸಿ, ಸುಣ್ಣ ಬಳಿದು, ಕುಂಕುಮವಿಟ್ಟು, ಪಾಂಡವರೆಂದು ಪೂಜಿಸಿ, ಎಡೆ ಹಿಡಿದು, ಆ ಎಡೆಯನ್ನೇ ಚರಗವೆಂದು ಬೆಳೆಯ ತುಂಬ ಚೆಲ್ಲುತ್ತಾರೆ. ಆಮೇಲೆ ಸಜ್ಜೆರೊಟ್ಟಿ, ಭಜ್ಜಿ, ಶೇಂಗಾಹೋಳಿಗೆಯ ಊಟ. ಬಹುತೇಕರು ಪ್ರತಿವರ್ಷ ಹೊಸ ಕಲ್ಲು ಆಯ್ದುಕೊಳ್ಳುತ್ತಾರೆ. ಅತ್ತೆಯ ಹೊಲದಲ್ಲಿ ಮಾತ್ರ ಐವರೂ ಖಾಯಂ. ಅವಳು ಮದುವೆಯಾಗಿ ಬಂದಾಗಲೂ ಅವರೇ ಇದ್ದರಂತೆ. ವರ್ಷವರ್ಷದ ಸುಣ್ಣ ಪದರಪದರವಾಗಿ ಕೂತು ಆ ಕಲ್ಲುಗಳ ಮೂಲ ಆಕಾರವೇ ಮರೆತುಹೋಗಿತ್ತು.

ಮಳೆಗೆ ವಾಲಿದ್ದ ಎರಡನೆಯದನ್ನು ನೆಟ್ಟಗೆ ಮಾಡಲು ನಾನು ಕೈ ಹಾಕಿದೆ. ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದು. ಎತ್ತಿದರೆ ಮಣಿಕಟ್ಟು ನೆಲಕ್ಕೆ ಜಗ್ಗಿತು. ಅತ್ತೆ ಸುಣ್ಣದ ಗಡಿಗೆಯನ್ನು ಕೆಳಗಿಟ್ಟು ನಕ್ಕಳು.

“ಅವ ಭೀಮಣ್ಣ ಬೇ. ಅಷ್ಟು ಸಸಾರ ಏಳಂಗಿಲ್ಲ.”

ಎಲ್ಲಿಂದ ಬಂದದ್ದು ಎಂದು ಕೇಳಿದೆ. ಹೊಲದಿಂದ ಬಂತು, ಕಲ್ಲು ಮತ್ತೆಲ್ಲಿಂದ ಬರುತ್ತದೆ ಎಂದಳು. ತಳದಲ್ಲಿ ಸುಣ್ಣ ಸಿಡಿದು, ತುಕ್ಕುಗೆಂಪಿನ ಚರ್ಮ ಕಾಣುತ್ತಿತ್ತು. ಒಂದು ಅಂಚು ಯಾವುದೋ ಕಾಲದಲ್ಲಿ ನೇಗಿಲಿನ ಕುಳಕ್ಕೆ ಸಿಕ್ಕು ಸೀಳಿತ್ತು. ಆ ಸೀಳಿನಲ್ಲಿ ಬಿಸಿಲು ಬಿದ್ದಾಗ ನಾನು ಕಂಡದ್ದನ್ನು ಹೇಗೆ ಹೇಳಲಿ? ಬೂದುಬಣ್ಣದ ಲೋಹದ ಬಲೆ, ಅದರ ಕಣ್ಣುಕಣ್ಣಿನಲ್ಲಿ ಬೆಲ್ಲದ ಪಾಕದ ಬಣ್ಣದ ಹರಳು. ಒಂದೆರಡು ಹರಳು ಇನ್ನೂ ಹಸಿರು. ಕಲ್ಲು ಮತ್ತು ಕಬ್ಬಿಣ ಒಂದನ್ನೊಂದು ಬಿಡದೆ ಹೆಣೆದುಕೊಂಡ ಇಂಥ ವಸ್ತು ನಮ್ಮ ನೆಲದ್ದಲ್ಲ, ಯಾವ ನೆಲದ್ದೂ ಅಲ್ಲ ಎಂಬುದು ಓದಿದ ಪುಸ್ತಕಗಳಿಂದ ಹೊಳೆಯಿತು.

ಕಾಲೇಜಿನ ಚರ್ಚಾಕೂಟದಲ್ಲಿ ಯಾವಾಗಲೂ ನನ್ನ ಎದುರು ಬಣದಲ್ಲಿರುತ್ತಿದ್ದ ಗೆಳತಿ ಈಗ ಸರ್ಕಾರದ ಭೂವಿಜ್ಞಾನಿ. ಸೀಳಿನ ಚಿತ್ರಗಳನ್ನು ಅವಳಿಗೆ ಕಳಿಸಿದೆ. ನಾನು ಹೇಳಿದ್ದನ್ನು ಒಮ್ಮೆಯಾದರೂ ಮೊದಲ ಸಲಕ್ಕೇ ಒಪ್ಪಿದವಳಲ್ಲ ಅವಳು. ಆ ದಿನ ಒಪ್ಪಿದಳು. ಕಲ್ಲು–ಕಬ್ಬಿಣ ಕೂಡಿದ ಉಲ್ಕೆಗಳು ಬಹಳ ವಿರಳ, ಇದು ಬಿದ್ದು ಎಷ್ಟೋ ಕಾಲವಾಗಿ ಹೊರಮೈ ಸವೆದಿದೆ, ಒಳಗೆ ಇನ್ನೂ ಜೀವವಿದ್ದಂತಿದೆ ಎಂದಳು. ಆಮೇಲೆ ಅವಳ ಧ್ವನಿ ಗಟ್ಟಿಯಾಯಿತು.

“ತೊಳಿಬ್ಯಾಡ, ಒಡಿಬ್ಯಾಡ, ಕಾಯಿ ಒಡೆದು ನೀರು ಹಾಕೂದು ಮೊದ್ಲ ಬ್ಯಾಡ. ನೀರು ಅದಕ್ಕ ವೈರಿ, ಉಪ್ಪು ಯಮ. ನಾ ಬರೂತನಾ ಇದ್ದಲ್ಲೇ ಇರ್ಲಿ.”

ಅತ್ತೆಗೆ ಇಷ್ಟೂ ಹೇಳಿದೆ. ಅವಳಿಗೆ ಆಕಾಶದ ಸಂಗತಿಯಿಂದ ವಿಶೇಷ ಆಶ್ಚರ್ಯವೇನೂ ಆಗಲಿಲ್ಲ. ಪಾಂಡವರು ಬೇರೆ ಎಲ್ಲಿಂದ ಬರಬೇಕು ಎಂಬ ಮುಖ ಮಾಡಿದಳು. ಭೀಮಣ್ಣ ಇಡಿಯಾಗಿ ಇರಬೇಕು, ಬರುವ ವರ್ಷದ ಎಳ್ಳಮಾವಾಸ್ಯೆಗೆ ತನ್ನ ಜಾಗದಲ್ಲಿ ನಿಂತಿರಬೇಕು, ಅಷ್ಟಾದರೆ ಯಾರಾದರೂ ಬಂದು ನೋಡಿಕೊಂಡು ಹೋಗಲಿ ಎಂದಳು. ಇಡಿಯಾಗಿ ಇರಬೇಕು ಎಂಬುದು ಗೆಳತಿಯ ಮಾತೂ ಆಗಿತ್ತು. ಜೀವನದಲ್ಲಿ ಮೊದಲ ಬಾರಿಗೆ ಪರ–ವಿರೋಧ ಎರಡೂ ಬಣಗಳು ಒಂದೇ ಮಾತು ಹೇಳುವುದನ್ನು ಕೇಳಿ, ಇನ್ನು ಇಲ್ಲಿ ಚರ್ಚೆಗೆ ಜಾಗವಿಲ್ಲವೆಂದು ನಿಶ್ಚಿಂತಳಾಗಿ ಆಳಂದಕ್ಕೆ ಬಂದೆ.

ಚರ್ಚೆಗೆ ಜಾಗವಿಲ್ಲದ ಕಡೆ ಸನ್ಮಾನಕ್ಕೆ ಜಾಗವಿರುತ್ತದೆ. ಅತ್ತೆಯ ಮಗ ಕಲ್ಲಿನ ಜೊತೆ ನಿಂತು ತೆಗೆಸಿಕೊಂಡ ಚಿತ್ರವನ್ನು ಮೊಬೈಲಿನ ಸ್ಟೇಟಸ್ಸಿಗೆ ಹಾಕಿದ್ದ. ಅದು ಅಫಜಲಪುರಕ್ಕೆ ಮುಟ್ಟಿತು. ವಾರ ತುಂಬುವುದರೊಳಗೆ ಅಧ್ಯಕ್ಷರೂ ಡಾಕ್ಟರರೂ ಶಾಲು, ಹಾರ, ಕಾಯಿಯೊಂದಿಗೆ ಸರಸಂಬಾದ ಕಟ್ಟೆಯ ಮೇಲೆ ಕುಳಿತಿದ್ದರು. ಅತ್ತೆಯ ಮಗನಿಗೆ ಶಾಲು ಹೊದಿಸಿದರು. ಅತ್ತೆ ಬಡಿಸಿದ ರೊಟ್ಟಿ ಉಂಡರು. ಉಂಡ ಕೈ ಒಣಗುವ ಮೊದಲೇ, ವಿಜ್ಞಾನದ ಹಿತಕ್ಕಾಗಿ, ಕಳ್ಳಕಾಕರ ಭಯಕ್ಕಾಗಿ, ಕಲ್ಲನ್ನು ತಮ್ಮ ಕಪಾಟಿನಲ್ಲಿ ಜೋಪಾನವಾಗಿಟ್ಟು ಮುಂದಿನ ಎಳ್ಳಮಾವಾಸ್ಯೆಗೆ ತಂದೊಪ್ಪಿಸುತ್ತೇವೆಂದು ಕೇಳಿದರು. ಮನೆಯಲ್ಲಿ ಉಂಡ ಅತಿಥಿ ಕಟ್ಟೆಯ ಮೇಲೆ ಕೂತು ಕೇಳಿದ್ದಕ್ಕೆ ಇಲ್ಲವೆನ್ನುವ ಬಾಯಿ ನಮ್ಮ ಕಡೆಯ ಹೆಂಗಸರಿಗೆ ಯಾರೂ ಕೊಟ್ಟಿಲ್ಲ. ಇದನ್ನು ಚೆನ್ನಾಗಿ ಬಲ್ಲವರೇ ಮೊದಲು ಉಂಡು ಆಮೇಲೆ ಕೇಳುತ್ತಾರೆ.

ನನಗೆ ಸುದ್ದಿ ತಿಳಿದು ಫೋನು ಮಾಡಿದಾಗ ಅಧ್ಯಕ್ಷರು ಬಹಳ ಪ್ರಸನ್ನರಾಗಿದ್ದರು. ಪ್ರದರ್ಶನವೊಂದನ್ನು ಏರ್ಪಡಿಸಿದ್ದೇವೆ, ಮುಖ್ಯ ಭಾಷಣ ನಿಮ್ಮದೇ ಎಂದರು. ತೊಳೆಯಬೇಡಿ ಎಂಬ ಮಾತನ್ನು ಭೂವಿಜ್ಞಾನಿಯ ಹೆಸರಿನಲ್ಲಿ ಸ್ಪಷ್ಟವಾಗಿ ಹೇಳಿದೆ. ಛೇ ಛೇ, ನೀರಿನಿಂದ ತೊಳೆಯುವಷ್ಟು ದಡ್ಡರೇ ನಾವು ಎಂದರು.

ನೀರಿನಿಂದ ತೊಳೆಯಲಿಲ್ಲ. ಪ್ರದರ್ಶನದ ದಿನ ಅವರ ಪಡಸಾಲೆಗೆ ಕಾಲಿಟ್ಟಾಗ ಕಪಾಟಿನ ನಡುವಿನ ಹಲಗೆಯ ಮೇಲೆ ಕೆಂಪು ಮಖಮಲ್ಲು, ಅದರ ಮೇಲೆ ಭೀಮಣ್ಣ. ಮೈಮೇಲೆ ಸುಣ್ಣದ ಒಂದು ಚಕ್ಕೆಯೂ ಇರಲಿಲ್ಲ. ತುಕ್ಕಿನ ಸಿಪ್ಪೆ ಎದ್ದು, ಲೋಹದ ಬಲೆ ಹಬ್ಬದ ಹಿಂದಿನ ದಿನ ಬೆಳಗಿದ ತಾಮ್ರದ ಕೊಡದ ಹಾಗೆ ಹೊಳೆಯುತ್ತಿತ್ತು. ಏನು ಮಾಡಿದಿರಿ ಎಂದು ಅಧ್ಯಕ್ಷರನ್ನು ಕೇಳಿದೆ.

“ಹುಣಸಿಹುಳಿ, ಉಪ್ಪು. ಖುದ್ದು ನಿಂತು ತಿಕ್ಕಿಸೇನ್ರಿ. ದೇವರ ಸಾಮಾನು ಹ್ಯಾಂಗ ತಿಕ್ಕತಾರ, ಹಂಗ.”

ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ, ಇಲ್ಲಿ ಬೇಕಾಯಿತು. ಸೇವೆಯಲ್ಲಿದ್ದಾಗ ಉಪ್ಪುನೀರಿನಲ್ಲಿ ಕಾಂಕ್ರೀಟು ಕಲಸಿದ ಗುತ್ತಿಗೆದಾರರನ್ನು ಜಾಡಿಸಿದ ಕಥೆಗಳನ್ನು ಈ ಮಹನೀಯರು ಪ್ರತಿ ಭಾನುವಾರ ಕಾರಿನಲ್ಲಿ ಹೇಳುತ್ತಿದ್ದರು. ಉಪ್ಪು ಸೋಕಿದ ಕಬ್ಬಿಣ ಒಳಗಿಂದೊಳಗೆ ತಿಂದುಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಆದರೆ ಆ ಜ್ಞಾನ ಕಚೇರಿಯದು, ನಿವೃತ್ತಿಯ ದಿನ ಕೀಲಿಕೈಗಳ ಜೊತೆ ಅದನ್ನೂ ಒಪ್ಪಿಸಿ ಬಂದಿದ್ದರು. ಮನೆಗೆ ಬಂದ ಕಬ್ಬಿಣ ಆಕಾಶದ್ದಾದ ಮೇಲೆ ಅದು ದೇವರ ಸಾಮಾನು, ಮತ್ತು ದೇವರ ಸಾಮಾನಿಗೆ ಹುಣಸೆಹುಳಿ. ನಮ್ಮ ವಿದ್ಯಾವಂತರ ತಲೆಯಲ್ಲಿ ಎರಡು ಕೋಣೆಗಳಿವೆ, ನಡುವಿನ ಬಾಗಿಲಿಗೆ ಸದಾ ಚಿಲಕ.

ನಾನು ಭಾಷಣ ಮಾಡಲಿಲ್ಲ. ಮಂಡಳಿಯಿಂದ ಹೊರಗೆ ಬಂದೆನೆಂದು ತಿಳಿಸಿದೆ, ಕಲ್ಲನ್ನು ಮರಳಿಸಿರೆಂದು ಕೇಳಿದೆ. ಅಮಾವಾಸ್ಯೆಗೆ ತಾನೆ ಎಂದರು. ಗೆಳತಿಗೆ ಹೇಳಿದಾಗ ಅವಳು ಎಷ್ಟು ಉಪ್ಪು, ಎಷ್ಟು ಹೊತ್ತು ತಿಕ್ಕಿದರು ಎಂದು ಕೇಳಿ ಬರೆದುಕೊಂಡಳು. ಕೊನೆಗೆ, ಮಳೆಗಾಲ ಬರಲಿ, ನೋಡು ಎಂದಳು. ಅವಳ ಪ್ರವಾಸಕ್ಕೆ ಮೇಲಿನವರ ಅನುಮತಿ ಇನ್ನೂ ಬಂದಿರಲಿಲ್ಲ.

ಮೊದಲ ಮಳೆಗೆ ಗಾಳಿ ತೇವಗೊಂಡಿತು, ಕಲ್ಲು ಬೆವರಿತು. ಇದು ಉತ್ಪ್ರೇಕ್ಷೆಯಲ್ಲ. ಮೈಮೇಲೆ ಅಲ್ಲಲ್ಲಿ ಕಂದುಬಣ್ಣದ ಹನಿಗಳು ಮೂಡಿ, ಉಬ್ಬಿ, ಮಖಮಲ್ಲಿನ ಮೇಲೆ ಇಳಿಯತೊಡಗಿದವು. ಒಳಗೆ ಇಳಿದಿದ್ದ ಉಪ್ಪು ಗಾಳಿಯ ತೇವವನ್ನು ಹೀರಿ, ಕಬ್ಬಿಣವನ್ನು ಕರಗಿಸಿ ಹೊರಗೆ ತಳ್ಳುವ ಸರಳ ಸಂಗತಿ ಇದು. ಈ ಜಾತಿಯ ಉಲ್ಕೆಗಳ ಕುಖ್ಯಾತ ಕಾಯಿಲೆ. ಅಧ್ಯಕ್ಷರು ಒಂದು ದಿನ ಒರೆಸಿದರು, ಎರಡನೆಯ ದಿನ ಒರೆಸಿದರು, ಮೂರನೆಯ ದಿನ ಕೈಮುಗಿದರು. ಡಾಕ್ಟರರನ್ನು ಕರೆಸಿದರು. ಡಾಕ್ಟರರು ಒಂದು ಹನಿಯನ್ನು ಬೆರಳಿಗೆ ತೆಗೆದುಕೊಂಡು ನಾಲಿಗೆಗೆ ಹಚ್ಚಿ ಕಣ್ಣು ಮುಚ್ಚಿದರು.

“ಉಪ್ಪುಪ್ಪು ಅದ. ಬೆವರೇ ಇದು.”

ತಾವೇ ತಿಕ್ಕಿದ ಉಪ್ಪನ್ನು ತಾವೇ ನೆಕ್ಕಿ, ಅದನ್ನೇ ಪವಾಡಕ್ಕೆ ಪುರಾವೆ ಮಾಡಿಕೊಂಡ ಈ ತೀರ್ಮಾನ ಸಂಜೆಯೊಳಗೆ ಊರು ಸುತ್ತಿತು. ವೈದ್ಯರೇ ಪರೀಕ್ಷೆ ಮಾಡಿ ಹೇಳಿದ್ದಾರೆ ಎಂಬ ಮುದ್ರೆ ಬೇರೆ. ಅಫಜಲಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದವರು ಬೆವರುವ ದೇವರ ಮನೆ ಎಲ್ಲಿ ಎಂದು ಕೇಳಿಕೊಂಡು ಬರತೊಡಗಿದರು. ಕಪಾಟಿನ ಗಾಜು ತೆಗೆದರು. ಬೆವರಿದವನಿಗೆ ತಂಪಾಗಲೆಂದು ಹಾಲೆರೆದರು, ಎಳನೀರೆರೆದರು. ತೊಳೆಯಬಾರದ ಕಲ್ಲಿಗೆ ದಿನಕ್ಕೆ ಎರಡು ಹೊತ್ತು ಅಭಿಷೇಕ ಶುರುವಾಯಿತು.

ನಾನು ಹೋಗಿ ಆ ಮನೆಯ ಮೆಟ್ಟಿಲ ಮೇಲೆ ನಿಂತು ಸರದಿಯಲ್ಲಿದ್ದವರಿಗೆ ಎಲ್ಲವನ್ನೂ ವಿವರಿಸಿದೆ. ಹುಣಸೆ, ಉಪ್ಪು, ತೇವ, ತುಕ್ಕು. ಕಾರಣದಿಂದ ಕಾರ್ಯದವರೆಗೆ ಒಂದೊಂದೇ ಗಂಟು ಬಿಚ್ಚಿ ಹೇಳಿದೆ. ಚರ್ಚಾಕೂಟದಲ್ಲಾಗಿದ್ದರೆ ನಿರ್ಣಾಯಕರು ಎದ್ದು ನಿಲ್ಲುತ್ತಿದ್ದರು. ಸರದಿಯಲ್ಲಿದ್ದ ಒಬ್ಬರು ಟವೆಲು ಹೆಗಲಿಗೆ ಸರಿಪಡಿಸಿಕೊಂಡು ಬಹಳ ವಿನಯದಿಂದ ಮಾತನಾಡಿದರು.

“ನೀವು ಹೇಳಾಕತ್ತಿದ್ದು ಎಲ್ಲಾ ಖರೇ ಅದರಿ ಅಕ್ಕಾವ್ರ. ಜರಾ ಸರೀರಿ, ನಮ್ಮ ಪಾಳಿ ಬಂತು.”

ವಾದ ಗೆಲ್ಲುವುದಕ್ಕೂ ಕಲ್ಲು ಒಣಗುವುದಕ್ಕೂ ಸಂಬಂಧವಿಲ್ಲ ಎಂಬುದು ಆ ಮೆಟ್ಟಿಲ ಮೇಲೆ ಖಚಿತವಾಯಿತು. ಒಂದೇ ದಾರಿ ಉಳಿದಿತ್ತು. ಯಾರ ಹೊಲದ ಕಲ್ಲೋ ಅವರೇ ಬಂದು ಕೇಳಬೇಕು. ಸರಸಂಬಾಕ್ಕೆ ಹೋಗಿ ಅತ್ತೆಯನ್ನು ಕೆಂಪು ಬಸ್ಸಿನಲ್ಲಿ ಕೂರಿಸಿಕೊಂಡು ಬಂದೆ. ಅವಳು ಪಡಸಾಲೆಯ ಬಾಗಿಲಲ್ಲಿ ನಿಂತು ಭೀಮಣ್ಣನನ್ನು ನೋಡಿದಳು. ಕೈಮುಗಿಯಲಿಲ್ಲ.

“ಇವನ್ನ ಯಾಕ ಬೆತ್ತಲೆ ನಿಲ್ಸೀರಿ?” ಎಂದು ಅಧ್ಯಕ್ಷರನ್ನು ಕೇಳಿದಳು.

“ಸುಣ್ಣ ಮೆತ್ತಿ ಹೊಲಸಾಗಿತ್ತವ್ವಾ. ಸ್ವಚ್ಛ ಮಾಡೀವಿ.”

“ಹೊಲಸೆಲ್ಲಿ ಆಗಿತ್ರಿ? ಅಂಗಿ ತೊಟ್ಕೊಂಡಿದ್ದ.”

ಕೊಟ್ಟುಬಿಡಿ, ಒಯ್ಯುತ್ತೇನೆ ಎಂದಳು. ಅಧ್ಯಕ್ಷರು ಕೈಜೋಡಿಸಿ, ಇನ್ನು ಇದು ನಿಮ್ಮೊಬ್ಬರದಲ್ಲ, ಊರಿನ ದೇವರಾಗಿದ್ದಾನೆ, ಭಕ್ತರ ಮನಸ್ಸು ನೋಯಿಸಲು ನನಗೆ ಅಧಿಕಾರವಿಲ್ಲ ಎಂದರು. ತಂದುಕೊಡುತ್ತೇನೆಂದು ಮಾತು ಕೊಟ್ಟವರಿಗೆ ಮಾತು ತಪ್ಪಲು ಭಕ್ತರು ಎಷ್ಟು ಅನುಕೂಲ! ಅತ್ತೆ ಅವರ ಮನೆಯ ಚಹಾ ಮುಟ್ಟಲಿಲ್ಲ. ತಿರುಗಿ ಹೋಗುವ ಬಸ್ಸಿನಲ್ಲಿ ಆಳಂದದ ತನಕ ಅವಳು ಆಡಿದ ಮಾತು ಒಂದೇ: ರೊಟ್ಟಿ ಹಾಕಿದ್ದೇ ತಪ್ಪಾಯಿತು.

ಆಷಾಢದ ಒಂದು ಮಧ್ಯಾಹ್ನ ಡಾಕ್ಟರರ ಫೋನು ಬಂತು. ಸಂಜೆ ಭೀಮಾ ನದಿಯ ದಂಡೆಯಲ್ಲಿ ಒಂದು ಸಣ್ಣ ಕಾರ್ಯಕ್ರಮವಿದೆ, ನೀವು ಬಂದು ನಾಲ್ಕು ಮಾತನಾಡಿದರೆ ಶೋಭೆ ಎಂದರು. ಯಾವ ಕಾರ್ಯಕ್ರಮವೆಂದು ಕೇಳಿದ್ದಕ್ಕೆ ತಡವರಿಸಿದರು. ಬೆಳಿಗ್ಗೆ ಬೆಳ್ಳಿಯ ತಟ್ಟೆಗೆ ಇಡಲೆಂದು ಎತ್ತುವಾಗ ಭೀಮಣ್ಣನ ಒಂದು ಮಗ್ಗುಲು ಹೆಂಟೆಯ ಹಾಗೆ ಕಳಚಿ ಕೈಗೆ ಬಂದಿತ್ತು. ಭಿನ್ನವಾದ ಮೂರ್ತಿಯನ್ನು ಮನೆಯಲ್ಲಿ ಇಡಬಾರದು. ಹೊಳೆಗೆ ಬಿಡಬೇಕು. ಊರಿನ ದೇವರು, ಭಕ್ತರ ಮನಸ್ಸು, ವಿಜ್ಞಾನದ ಹಿತ ಎಲ್ಲವೂ ಒಂದು ಬಿರುಕಿಗೆ ಮುಗಿದಿತ್ತು. ನಿನ್ನೆಯವರೆಗೆ ಕೊಡಲಾರೆನೆಂದವರು ಇವತ್ತು ಹೊತ್ತು ಮುಳುಗುವುದರೊಳಗೆ ಅದನ್ನು ಮನೆಯಿಂದ ದಾಟಿಸಲು ಹಾತೊರೆಯುತ್ತಿದ್ದರು.

ಅತ್ತೆ ಆ ವಾರ ಆಳಂದದಲ್ಲಿ ನನ್ನ ಮನೆಯಲ್ಲಿಯೇ ಇದ್ದಳು. ಇಬ್ಬರೂ ಸಿಕ್ಕಿದ ಜೀಪು ಹತ್ತಿದೆವು. ನಾವು ದಂಡೆಗೆ ಮುಟ್ಟಿದಾಗ ಮಂಡಳಿ ಮೊಳಕಾಲು ನೀರಿನಲ್ಲಿ ಪ್ಯಾಂಟು ಮಡಚಿಕೊಂಡು ನಿಂತಿತ್ತು. ಕಾರಿನಿಂದ ಇಳಿಯದೆ ಉಲ್ಕೆ ಹುಡುಕಿದವರನ್ನು ಕೊನೆಗೂ ಒಂದು ಉಲ್ಕೆ ನೀರಿಗಿಳಿಸಿತ್ತು. ಅಧ್ಯಕ್ಷರ ಕೈಯಲ್ಲಿ ಬಿದಿರಿನ ಬುಟ್ಟಿ, ಬುಟ್ಟಿಯಲ್ಲಿ ಹೂವಿನಡಿ ಕಂದು ಚೂರುಗಳು. ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಕೈಬಿಟ್ಟರೆ ಮುಗಿಯಿತು. ನಾನು ಮಾತು ಹುಡುಕುತ್ತಿದ್ದೆ. ಕಾನೂನು ಹೇಳಲೇ, ರಸಾಯನಶಾಸ್ತ್ರ ಹೇಳಲೇ ಎಂದು ತೂಗುವಷ್ಟರಲ್ಲಿ ಅತ್ತೆ ಸೀರೆ ಎತ್ತಿ ಕಟ್ಟಿ ನೀರಿಗಿಳಿದು ಬುಟ್ಟಿಯ ಅಂಚು ಹಿಡಿದಿದ್ದಳು.

“ಬ್ಯಾಡವ್ವಾ, ಭಿನ್ನ ಆಗ್ಯಾದ,” ಎಂದರು ಅಧ್ಯಕ್ಷರು. “ಮನ್ಯಾಗ ಇಡಬಾರದು. ಒಳ್ಳೇದಾಗಂಗಿಲ್ಲ.”

“ಮನ್ಯಾಗ ನೀವ ಇಟ್ಟಿದ್ರಿ,” ಎಂದಳು ಅತ್ತೆ. “ನಾ ಹೊಲದಾಗ ಇಡಾಕಿ. ಹೊಲಕ್ಕ ಎಲ್ಲದ್ರಿ ಹೊಸ್ತಿಲಾ?”

ನನ್ನ ಕಪಾಟಿನಲ್ಲಿರುವ ಅಷ್ಟೂ ಬಹುಮಾನದ ಕಪ್ಪುಗಳನ್ನು ಆ ಒಂದು ಮಾತಿಗೆ ಕೊಟ್ಟೇನು. ಎದುರಾಳಿಯ ಶಾಸ್ತ್ರವನ್ನು ಒಪ್ಪಿಕೊಂಡೇ ಅದರಿಂದಲೇ ಅವನನ್ನು ಕಟ್ಟಿಹಾಕುವುದನ್ನು ನಮಗೆ ಕಲಿಸಿದ್ದರು, ನಾವು ಎಂದೂ ಮಾಡಲಿಲ್ಲ. ಅಧ್ಯಕ್ಷರು ಬುಟ್ಟಿಯನ್ನು ಬಿಟ್ಟುಕೊಟ್ಟರು. ಅಪಾಯ ತಮ್ಮ ಮನೆಯಿಂದ ಇನ್ನೊಬ್ಬರ ಹೊಲಕ್ಕೆ ದಾಟಿತೆಂಬ ನೆಮ್ಮದಿ ಅವರ ಮುಖದ ಮೇಲೆ ಎಷ್ಟು ಸ್ವಚ್ಛವಾಗಿ ಮೂಡಿತೆಂದರೆ, ಹುಣಸೆಹುಳಿ ಹಚ್ಚಿ ತಿಕ್ಕಿದಂತಿತ್ತು.

ಗೆಳತಿ ಫೋನಿನಲ್ಲಿ ಹೇಳಿದಂತೆ ಚೂರುಗಳನ್ನು ಅತ್ತೆಯ ಒಲೆಯ ಬಳಿ ಬೆಚ್ಚಗೆ ಒಣಗಿಸಿ, ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿಟ್ಟೆವು. ಅವಳಿಗೆ ಅನುಮತಿ ಸಿಕ್ಕಿ ಅವಳು ಬಂದದ್ದು ಶ್ರಾವಣದಲ್ಲಿ. ಡಬ್ಬಿ ತೆರೆದು ಚೂರುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು. ಮುಷ್ಟಿಯಷ್ಟು ದೊಡ್ಡ ಒಂದು ತುಂಡಿನ ನಡುವೆ ಲೋಹ ಇನ್ನೂ ಉಳಿದಿದೆ, ಅಧ್ಯಯನಕ್ಕೆ ಸಾಕು, ಮಿಕ್ಕದ್ದು ತುಕ್ಕು ಎಂದಳು. ಹರಳುಗಳು ಇಷ್ಟು ಕಡಿಮೆ ಏಕೆ ಎಂದು ಕೇಳಿದಳು. ಪಡಸಾಲೆಯಲ್ಲಿ ಉದುರಿದವನ್ನು ಭಕ್ತರು ರತ್ನವೆಂದು ಆರಿಸಿಕೊಂಡು ಹೋಗಿದ್ದರು. ಡಾಕ್ಟರರ ಉಂಗುರದಲ್ಲಿ ಒಂದು ಇದೆ, ಶನಿಯ ಕಾಟಕ್ಕಂತೆ. ಅವರ ರೋಗಿಗಳು ಗಮನಿಸಲಿ.

ಒಡೆದದ್ದನ್ನು ಕೊಂಡೊಯ್ಯಲು ಅತ್ತೆ ಅಡ್ಡಿ ಮಾಡಲಿಲ್ಲ. ಮೈ ಸುಖವಿಲ್ಲದವರನ್ನು ದವಾಖಾನೆಗೆ ಕಳಿಸುವ ಹಾಗೆ ಒಂದು ಹಳೆಯ ಧೋತರದಲ್ಲಿ ಸುತ್ತಿಕೊಟ್ಟಳು. ಅಷ್ಟು ವರ್ಷ ಹೊಲದಲ್ಲಿ ಉಳಿದದ್ದು ಹೇಗೆ ಎಂದು ನಾನು ಕೇಳಿದೆ. ಸುಣ್ಣ ಕಬ್ಬಿಣದ ತುಕ್ಕನ್ನು ತಡೆಯುತ್ತದೆ, ವರ್ಷವರ್ಷದ ಪದರ ಸ್ವಲ್ಪ ಕಾಪಾಡಿರಬಹುದು, ಖಚಿತವಾಗಿ ಹೇಳಲಾರೆ ಎಂದಳು ಗೆಳತಿ.

ಈ ಎಚ್ಚರದ ಮಾತು ಅಫಜಲಪುರಕ್ಕೆ ಮುಟ್ಟುವಷ್ಟರಲ್ಲಿ ಅದರ ಎಚ್ಚರವೆಲ್ಲ ಸೋರಿಹೋಗಿತ್ತು. ಅಧ್ಯಕ್ಷರು ಈಗ ಹೊಸ ಉಪನ್ಯಾಸ ಮಾಡುತ್ತಾರೆ. ಪಾಂಡವರಿಗೆ ಸುಣ್ಣ ಬಳಿಯುವುದರ ಹಿಂದೆ ಹಿರಿಯರ ಮಹಾನ್ ಲೋಹವಿಜ್ಞಾನವಿದೆಯಂತೆ. ಹಾಗಿದ್ದರೆ ಉಳಿದ ನಾಲ್ಕು ಕರಿಕಲ್ಲುಗಳಿಗೂ ಸುಣ್ಣವೇಕೆ? ರಸ್ತೆಬದಿಯ ಬೇವಿನ ಮರಕ್ಕೇಕೆ? ಮೈಲುಗಲ್ಲಿಗೇಕೆ? ಅತ್ತೆ ಸುಣ್ಣ ಬಳಿದದ್ದು ದೇವರು ಬೆಳ್ಳಗೆ ಕಾಣಲಿ ಎಂದು. ಅದು ಕಲ್ಲಿಗೆ ಒದಗಿದ್ದು ಅದೃಷ್ಟ. ಅದೃಷ್ಟವನ್ನು ಅದೃಷ್ಟವೆನ್ನಲು ನಾಚುವವರು, ಅಜ್ಞಾನವನ್ನು ಅಜ್ಞಾನವೆನ್ನಲು ಇನ್ನೂ ಹೆಚ್ಚು ನಾಚುತ್ತಾರೆ. ಗೊತ್ತಿಲ್ಲ ಎಂಬ ಒಂದು ಪದವನ್ನು ಆ ಪಡಸಾಲೆಯಲ್ಲಿ ಯಾರಾದರೂ ಒಮ್ಮೆ ಉಚ್ಚರಿಸಿದ್ದರೆ ಭೀಮಣ್ಣ ಇವತ್ತು ಇಡಿಯಾಗಿರುತ್ತಿದ್ದ.

ಈ ಸಲದ ಎಳ್ಳಮಾವಾಸ್ಯೆಗೆ ಅತ್ತೆ ಒಡ್ಡಿನ ಮೇಲಿಂದ ಹೊಸ ಕಲ್ಲೊಂದನ್ನು ಆಯ್ದಳು. ಸಾಮಾನ್ಯ ಕರಿಕಲ್ಲು. ಅದಕ್ಕೆ ಸುಣ್ಣ ಬಳಿದು ಧರ್ಮರಾಯನ ಪಕ್ಕದಲ್ಲಿ ನಿಲ್ಲಿಸಿ, ಎತ್ತಿ ನೋಡಲು ನನಗೆ ಹೇಳಿದಳು. ಎತ್ತಿದೆ. ಸುಲಭವಾಗಿ ಬಂತು.

“ಹಗುರದಾನ,” ಎಂದಳು ಅವಳು, ಮತ್ತು ಎಡೆ ಬಡಿಸತೊಡಗಿದಳು. ಆ ದಿನ ಎರಡನೆಯ ಎಲೆಗೆ, ಭೀಮಣ್ಣನ ಎಲೆಗೆ, ಒಂದು ಕಡುಬು ಕಡಿಮೆ ಹಾಕಿದ್ದನ್ನು ನಾನು ನೋಡಿದೆ.

ಓದುಗರಲ್ಲಿ ನನ್ನ ವಿನಂತಿ ಇಷ್ಟು. ನಿಮ್ಮ ಹೊಲದಲ್ಲಿ, ಒಡ್ಡಿನ ಮೇಲೆ, ಬನ್ನಿಗಿಡದ ಬುಡದಲ್ಲಿ, ಗಾತ್ರಕ್ಕೆ ಮೀರಿ ಭಾರವಾದ, ತುಕ್ಕಿನ ಬಣ್ಣದ ಕಲ್ಲು ಕಂಡರೆ ಅದನ್ನು ತೊಳೆಯಬೇಡಿ, ತಿಕ್ಕಬೇಡಿ, ಒಡೆಯಬೇಡಿ. ಸುಣ್ಣವಿದ್ದರೆ ಸುಣ್ಣ ಹಾಗೆಯೇ ಇರಲಿ. ಅದು ಇದ್ದ ಜಾಗದ ಒಂದು ಚಿತ್ರ ತೆಗೆದು, ಕಲ್ಲಿಗೆ ನೀರು ತಾಗದಂತೆ ನೋಡಿಕೊಂಡು, ಸರ್ಕಾರದ ಭೂವಿಜ್ಞಾನಿಗಳಿಗೆ ತಿಳಿಸಿ. ಅವರು ಬರುವುದು ತಡವಾದರೆ ಕಾಯಿರಿ. ಅಷ್ಟರಲ್ಲಿ ಯಾರಾದರೂ ಶಾಲು ಹಿಡಿದುಕೊಂಡು ಬಂದರೆ, ದಯವಿಟ್ಟು ಊಟ ಹಾಕುವ ಮೊದಲೇ ಇಲ್ಲವೆಂದು ಹೇಳಿ ಕಳಿಸಿ.